ವಿಲಿಯಂ ಕ್ಯಾರಿಯವರೂ ಅವರನ್ನು ಕಳುಹಿಸಿದ ಸಭೆಗಳ ಸಂಘವೂ

ಕನ್ನಡದಲ್ಲಿ ದೇವರ ವಾಕ್ಯವನ್ನು ಓದಿಕೊಳ್ಳುವ ನಮ್ಮ ಹಳ್ಳಿಯ ಸಭೆಗಳಲ್ಲಿ ವಿಲಿಯಂ ಕ್ಯಾರಿಯವರ ಹೆಸರನ್ನು ಕೇಳದವರು ವಿರಳ. ಅವರು ಜೋಡು ಹೊಲಿಯುವವರಾಗಿದ್ದು ಅನೇಕ ಭಾಷೆಗಳಲ್ಲಿ ಪಂಡಿತರಾದರೆಂದೂ, ಬಂಗಾಳಕ್ಕೆ ಬಂದು ನಾಲ್ವತ್ತು ವರುಷ ದುಡಿದು ಅಲ್ಲಿಯೇ ಮಣ್ಣಾದರೆಂದೂ ಭಾನುವಾರದ ಶಾಲೆಯ ಮಕ್ಕಳು ಸಹ ಬಲ್ಲರು. ಆದರೆ ಅವರನ್ನು ಕಳುಹಿಸಿದವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅರಸನಾಗಲಿ, ಧನವಂತನಾದ ವರ್ತಕನಾಗಲಿ ಅವರನ್ನು ಕಳುಹಿಸಲಿಲ್ಲ. ಇಂಗ್ಲೆಂಡಿನ ನಡುನಾಡಿನಲ್ಲಿ ಹಳ್ಳಿಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಇದ್ದ ಕೆಲವು ಬಾಪ್ಟಿಸ್ಟ್ ಸಭೆಗಳು ಕೂಡಿಕೊಂಡು ಮಾಡಿದ್ದ ಒಂದು ಸಂಘದಿಂದಲೇ ಅವರು ಹೊರಟರು. ಆ ಸಂಘದ ಕಥೆಯನ್ನು ಬಿಟ್ಟು ಕ್ಯಾರಿಯವರ ಚರಿತ್ರೆಯನ್ನು ಹೇಳುವುದು ಬೇರನ್ನು ಮರೆತು ಮರವನ್ನು ವರ್ಣಿಸಿದ ಹಾಗಾಗುತ್ತದೆ.

ಇದನ್ನು ಈಗ ಬರೆಯುವುದಕ್ಕೆ ಕಾರಣವುಂಟು. ಬಿಡದಿಯ ಸುತ್ತಿನಲ್ಲಿ ಕಾರ್ಖಾನೆಗಳು ಎದ್ದ ಮೇಲೆ ನಾನಾ ಜಿಲ್ಲೆಗಳಿಂದ ಜನರು ಕೆಲಸಕ್ಕೆಂದು ಬಂದು ನೆಲಸಿರುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಗಳಲ್ಲಿ ಹಳೆಯ ಕುಟುಂಬಗಳು ಹೊಲ, ರೇಷ್ಮೆ, ಹೈನು ಎಂದು ತಮ್ಮ ಪಾಡಿಗೆ ಇರುತ್ತವೆ. ಇಂಥಲ್ಲಿ ಹತ್ತು ಹದಿನೈದು ಮನೆಗಳ ಸಭೆಯೊಂದು, ತಾನು ಚಿಕ್ಕದು, ಬಡದು, ನೆರೆಯ ಸಭೆಗಳೊಂದಿಗೆ ಕೂಡಿ ಕೂಟ ನಡಿಸುವುದರಿಂದಲೂ ದೂರದ ಕೆಲಸಕ್ಕೆ ಕಾಣಿಕೆ ಕಳುಹಿಸುವುದರಿಂದಲೂ ತನಗೇನು ಫಲ ಎಂದು ಯೋಚಿಸುವುದು ಸಹಜವೇ. ಕ್ಯಾರಿಯವರ ಕಾಲದ ಹಳ್ಳಿಯ ಸಭೆಗಳೂ ಹಾಗೆಯೇ ಯೋಚಿಸಬಹುದಾಗಿತ್ತು. ಅವು ಹಾಗೆ ಯೋಚಿಸಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರು ಈ ಚರಿತ್ರೆಯನ್ನು ಓದಿ ತಾವೇ ತಿಳಿದುಕೊಳ್ಳಲಿ.

ವಿಲಿಯಂ ಕ್ಯಾರಿಯವರು ೧೭೬೧ನೆಯ ಇಸವಿ ಆಗಸ್ಟ್ ೧೭ರಂದು ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯಾದ ಎಡ್ಮಂಡರು ಮೊದಲು ಮಗ್ಗದ ಕೆಲಸ ಮಾಡುತ್ತಿದ್ದು, ಆ ಮೇಲೆ ಹಳ್ಳಿಯ ಶಾಲೆಯ ಉಪಾಧ್ಯಾಯರಾದರು. ಹುಡುಗನಿಗೆ ಗಿಡ, ಹಕ್ಕಿ, ಹುಳಗಳೆಂದರೆ ಬಹು ಆಶೆ. ಕೈಗೆ ಸಿಕ್ಕಿದ ಪುಸ್ತಕವನ್ನೆಲ್ಲಾ ಓದುವನು. ಬಿಸಿಲಿನಲ್ಲಿ ಕೆಲಸ ಮಾಡಿದರೆ ಮೈ ಚರ್ಮ ಕೆರಳುತ್ತಿದ್ದುದರಿಂದ ಹೊಲದ ಕೆಲಸ ಆಗಲಿಲ್ಲ. ಆದುದರಿಂದ ಹದಿನಾಲ್ಕನೆಯ ವಯಸ್ಸಿನ ಹೊತ್ತಿಗೆ ಅವನನ್ನು ಜೋಡು ಹೊಲಿಯುವವನ ಬಳಿ ಕೆಲಸ ಕಲಿಯಲು ಬಿಟ್ಟರು. ಆ ಸೀಮೆಯು ಈ ಕಸಬಿಗೆ ಹೆಸರಾದದ್ದು. ಚರ್ಮದ ಕೆಲಸವನ್ನು ಕೀಳೆಂದು ಎಣಿಸುವ ನಮ್ಮ ದೇಶದಲ್ಲಿ ಈ ಸಂಗತಿಯನ್ನು ಮರೆಮಾಡುವುದಕ್ಕೆ ಯಾವ ಕಾರಣವೂ ಇಲ್ಲ. ಕ್ಯಾರಿಯವರು ತಮ್ಮ ಜೀವಮಾನದಲ್ಲೆಲ್ಲಾ ಅದನ್ನು ಮರೆಮಾಡಲಿಲ್ಲ.

ಬಾಲ್ಯದಲ್ಲಿ ಅವರು ಸಾಧುವಾಗಿದ್ದರೆಂದು ಹೇಳಲಾಗದು. ಒಂದು ಕ್ರಿಸ್ಮಸ್ ಕಾಲದಲ್ಲಿ ಅಂಗಡಿಯವನೊಬ್ಬನು ಕೊಟ್ಟ ಖೋಟಾ ಷಿಲಿಂಗನ್ನು ಯಜಮಾನನ ಹಣದಲ್ಲಿ ಸೇರಿಸಿ ಒಳ್ಳೆಯ ನಾಣ್ಯವನ್ನು ತಾವು ಇಟ್ಟುಕೊಂಡರು. ಮೋಸವು ಹೊರಬಿದ್ದಿತು. ಆ ನಾಚಿಕೆಯು ಅವರ ಮನಸ್ಸನ್ನು ಬಹಳ ಕದಲಿಸಿತು. ಜೊತೆಯಲ್ಲಿ ಕೆಲಸ ಕಲಿಯುತ್ತಿದ್ದ ಜಾನ್ ವಾರ್ ಎಂಬ ಯುವಕನು ಬಿಡದೆ ಮಾತಾಡಿ, ಪುಸ್ತಕ ಕೊಟ್ಟು, ತಮ್ಮ ಪ್ರಾರ್ಥನಾಕೂಟಕ್ಕೆ ಕರೆದುಕೊಂಡು ಹೋದನು. ಹೀಗೆ ಅವರು ದೇವರ ಕಡೆಗೆ ತಿರುಗಿಕೊಂಡು, ೧೭೮೩ನೆಯ ಇಸವಿ ಅಕ್ಟೋಬರ್ ೫ರಂದು ನಾರ್ಥಾಂಪ್ಟನ್ ಪಟ್ಟಣದ ನೆನ್ ಎಂಬ ಹೊಳೆಯಲ್ಲಿ ದೀಕ್ಷಾಸ್ನಾನ ಹೊಂದಿದರು. ಸ್ನಾನ ಮಾಡಿಸಿದ ಜಾನ್ ರೈಲೆಂಡರಿಗೆ ಆ ದಿವಸ ಅವನು ಬಡ ಜೋಡುಗಾರರಲ್ಲಿ ಒಬ್ಬನು ಮಾತ್ರವೇ ಆಗಿ ಕಂಡನು.

ಇಲ್ಲಿ ಬಾಪ್ಟಿಸ್ಟ್ ಸಭೆಗಳ ಕ್ರಮವನ್ನು ಸ್ವಲ್ಪ ವಿವರಿಸುವುದು ಅಗತ್ಯ. ನಮ್ಮ ವಾಚಕರಲ್ಲಿ ಅನೇಕರು ಬೇರೆ ಪಂಗಡಗಳಿಗೆ ಸೇರಿದವರು. ಬಾಪ್ಟಿಸ್ಟರು ಕೂಸುಗಳಿಗೆ ಸ್ನಾನ ಕೊಡದೆ, ನಂಬಿಕೆಯನ್ನು ಬಾಯಿಂದ ಅರಿಕೆ ಮಾಡಿದವರನ್ನು ಮಾತ್ರ ನೀರಿನಲ್ಲಿ ಮುಳುಗಿಸಿ ಸ್ನಾನ ಮಾಡಿಸುವರು. ಅವರಲ್ಲಿ ಪ್ರತಿ ಸಭೆಯೂ ಸ್ವತಂತ್ರ, ಮೇಲೆ ಬಿಷಪರಿಲ್ಲ. ಸಭಾಪಾಲಕನನ್ನು ಆರಿಸುವುದು, ತಪ್ಪಿದವರನ್ನು ತಿದ್ದುವುದು, ಹಣವನ್ನು ಎಣಿಸುವುದು ಎಲ್ಲವೂ ಆಯಾ ಸಭೆಯ ಕೈಯಲ್ಲಿಯೇ. ಇದರಿಂದ ಬಿಡುಗಡೆ ಉಂಟು, ಒಂಟಿತನವೂ ಉಂಟು. ಆ ಒಂಟಿತನವನ್ನು ನೀಗುವುದಕ್ಕೆ ನೆರೆಹೊರೆಯ ಸಭೆಗಳು ತಾವಾಗಿಯೇ ಕೂಡಿ ಸಂಘ ಮಾಡಿಕೊಳ್ಳುವ ಪದ್ಧತಿಯು ಅವರಲ್ಲಿ ಬಹು ಹಳೆಯದು. ನಾರ್ಥಾಂಪ್ಟನ್ ಸೀಮೆಯ ಸಂಘವು ೧೭೬೪-೬೫ರಲ್ಲಿ ಕೆಟರಿಂಗ್ ಎಂಬ ಸಣ್ಣ ಪಟ್ಟಣದಲ್ಲಿ ಕೆಲವೇ ಸಭೆಗಳಿಂದ ಆರಂಭವಾಯಿತು. ಕಾಲಕ್ರಮದಲ್ಲಿ ಲೆಸ್ಟರ್, ನಾಟಿಂಗ್‌ಹ್ಯಾಂ ಮೊದಲಾದ ನೆರೆಸೀಮೆಗಳ ಸಭೆಗಳೂ ಸೇರಿಕೊಂಡವು.

ಸಂಘದ ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ವರುಷಕ್ಕೊಮ್ಮೆ, ಪೆಂತೆಕೊಸ್ತ ಹಬ್ಬದ ವಾರದಲ್ಲಿ, ಪ್ರತಿ ಸಭೆಯಿಂದ ಸಭಾಪಾಲಕನೂ ಒಬ್ಬಿಬ್ಬರು ಪ್ರತಿನಿಧಿಗಳೂ ಒಂದೂರಿನಲ್ಲಿ ಕೂಡುವರು. ಪ್ರತಿಯೊಬ್ಬರೂ ತಮ್ಮ ಸಭೆಯ ಪತ್ರವನ್ನು ತರುವರು. ಆ ವರುಷದಲ್ಲಿ ಎಷ್ಟು ಮಂದಿ ಸ್ನಾನ ಹೊಂದಿದರು, ಎಷ್ಟು ಮಂದಿ ಸತ್ತರು, ಎಷ್ಟು ಮಂದಿ ಬಿಟ್ಟುಹೋದರು, ಸಭೆಯ ಕಷ್ಟವೇನು, ಸಂತೋಷವೇನು ಎಂಬುದೆಲ್ಲಾ ಅದರಲ್ಲಿರುವುದು. ಪತ್ರಗಳನ್ನು ಎಲ್ಲರ ಮುಂದೆ ಓದಿ ಪ್ರಾರ್ಥಿಸುವರು. ಕೊನೆಯಲ್ಲಿ ಒಬ್ಬ ಸಭಾಪಾಲಕನು ಬರೆದ ಉಪದೇಶಪತ್ರವನ್ನು ಅಚ್ಚು ಹಾಕಿಸಿ ಎಲ್ಲಾ ಸಭೆಗಳಿಗೂ ಹಂಚುವರು. ಸಂಘವು ಯಾರಿಗೂ ಅಪ್ಪಣೆ ಕೊಡಲಾರದು. ಬುದ್ಧಿ ಹೇಳಬಹುದು, ಒಟ್ಟಿಗೆ ಪ್ರಾರ್ಥಿಸಬಹುದು, ಒಬ್ಬರಿಗಾಗದ ಕೆಲಸವನ್ನು ಕೂಡಿ ಮಾಡಬಹುದು. ಅಷ್ಟೇ ಅದರ ಅಧಿಕಾರ.

೧೭೮೪ರಲ್ಲಿ ಈ ಸಂಘವು ನಾಟಿಂಗ್‌ಹ್ಯಾಮಿನಲ್ಲಿ ಕೂಡಿದಾಗ ಓಲ್ನಿ ಎಂಬ ಊರಿನ ಸಭಾಪಾಲಕರಾದ ಜಾನ್ ಸಟ್‌ಕ್ಲಿಫರು ಒಂದು ಸಲಹೆಯನ್ನು ಮುಂದಿಟ್ಟರು. ಅಮೆರಿಕದ ಜೋನಾಥನ್ ಎಡ್ವರ್ಡ್ಸರು ಸಭೆಗಳ ಕೂಡು ಪ್ರಾರ್ಥನೆಯ ವಿಷಯವಾಗಿ ೧೭೪೭ರಲ್ಲಿ ಬರೆದಿದ್ದ ಪುಸ್ತಕವು ಆ ವರುಷ ಸ್ಕಾಟ್ಲೆಂಡಿನಿಂದ ಇವರ ಕೈಸೇರಿತ್ತು. ಅದರಂತೆ ಪ್ರತಿ ತಿಂಗಳ ಮೊದಲನೆಯ ಸೋಮವಾರದ ಸಾಯಂಕಾಲ ಒಂದು ಗಂಟೆ ಹೊತ್ತು ಸಂಘದ ಸಭೆಗಳೆಲ್ಲಾ ತಮ್ಮ ತಮ್ಮ ಊರಿನಲ್ಲಿ ಕೂಡಿ, ತಮ್ಮ ಸಭೆಗಾಗಿ ಮಾತ್ರವಲ್ಲದೆ ಲೋಕದ ಕಟ್ಟಕಡೆಯ ಜನರಿಗಾಗಿಯೂ ಪ್ರಾರ್ಥಿಸಬೇಕೆಂದು ನಿಶ್ಚಯವಾಯಿತು. ಇತರ ಪಂಗಡದವರನ್ನು ಸಹ ಇದಕ್ಕೆ ಕರೆದರು. ಈ ನಿರ್ಣಯದಲ್ಲಿ ಹಣದ ಮಾತಿರಲಿಲ್ಲ. ಯಾರನ್ನಾದರೂ ಎಲ್ಲಿಗಾದರೂ ಕಳುಹಿಸುವ ಮಾತೂ ಇರಲಿಲ್ಲ. ಹೊಲ ಗೇಯುವವರು, ಜೋಡು ಹೊಲಿಯುವವರು, ನೇಕಾರರು ದಿನದ ಕೆಲಸ ಮುಗಿಸಿ ದೀಪದ ಬೆಳಕಿನಲ್ಲಿ ಒಂದು ಗಂಟೆ ಮೊಣಕಾಲೂರುತ್ತಿದ್ದರು. ಹೀಗೆ ಎಂಟು ವರುಷ ನಡೆಯಿತು. ಆ ಎಂಟು ವರುಷಗಳು ಬೀಜವು ಮಣ್ಣಿನಲ್ಲಿದ್ದ ಕಾಲವೆಂದು ನಾವು ಎಣಿಸುತ್ತೇವೆ.

ಇದೇ ಕಾಲದಲ್ಲಿ, ೧೭೮೫ರಲ್ಲಿ, ಕ್ಯಾರಿಯವರು ಮೌಲ್ಟನ್ ಎಂಬ ಹಳ್ಳಿಗೆ ಬಂದು ಶಾಲೆ ತೆರೆದರು. ಅಲ್ಲಿನ ಚಿಕ್ಕ ಸಭೆಗೆ ಬೋಧಕರಾಗಿ, ೧೭೮೭ರಲ್ಲಿ ಸಭಾಪಾಲಕರಾಗಿ ನೇಮಕ ಹೊಂದಿದರು. ಮೌಲ್ಟನ್ನಿಂದ ಕೆಟರಿಂಗಿಗೆ ಇರುವ ದಾರಿ ಹೆಚ್ಚು ಕಡಿಮೆ ಬಿಡದಿಯಿಂದ ರಾಮನಗರಕ್ಕೆ ಇರುವಷ್ಟೇ. ಸಭೆಯವರು ಕೊಡುತ್ತಿದ್ದ ಸಂಬಳವು ಹೊಟ್ಟೆಗೆ ಸಾಲದೆ ಅವರು ಪುನಃ ಜೋಡು ಹೊಲಿದರು. ಕೆಲಸದ ಕೋಣೆಯ ಗೋಡೆಗೆ ಲೋಕದ ನಕ್ಷೆಯೊಂದನ್ನು ತಾವೇ ಬರೆದು ಹಚ್ಚಿ, ಒಂದೊಂದು ದೇಶದ ಜನಸಂಖ್ಯೆಯೆಷ್ಟು, ಮತ ಯಾವುದು ಎಂದು ಅದರ ಮೇಲೆ ಗುರುತಿಸುತ್ತಿದ್ದರು. ಮೊಳೆ ಹೊಡೆಯುತ್ತಲೇ ಲತೀನ, ಗ್ರೀಕ, ಇಬ್ರಿಯ ಭಾಷೆಗಳನ್ನು ಕಲಿತರು. ಕೆಟರಿಂಗಿನ ಸಭಾಪಾಲಕರಾದ ಆಂಡ್ರೂ ಫುಲ್ಲರರು ಅವರಿಗೆ ಅಣ್ಣನಂತಾದರು.

ಆ ಕಾಲದ ಬಾಪ್ಟಿಸ್ಟರಲ್ಲಿ ಒಂದು ತಪ್ಪಾದ ಅಭಿಪ್ರಾಯವು ಬೇರೂರಿತ್ತು. ರಕ್ಷಣೆಯಾಗಬೇಕಾದವರನ್ನು ದೇವರು ತಾನೇ ರಕ್ಷಿಸುವನು, ಮನುಷ್ಯರು ಅವರನ್ನು ಕರೆಯುವುದು ಬೇಡವೆಂದು ಅನೇಕರು ನಂಬಿದ್ದರು. ಫುಲ್ಲರರು ೧೭೮೫ರಲ್ಲಿ ಪುಸ್ತಕವೊಂದನ್ನು ಅಚ್ಚು ಹಾಕಿಸಿ ಈ ಅಭಿಪ್ರಾಯವನ್ನು ಖಂಡಿಸಿದರು. ಕ್ಯಾರಿಯವರು ಅದೇ ಮಾತನ್ನು ಮುಂದಕ್ಕೆ ಎಳೆದರು: ಎಲ್ಲರನ್ನೂ ಕರೆಯಬೇಕೆಂಬುದು ನಿಜವಾದರೆ ಸಮುದ್ರದಾಚೆಯವರನ್ನು ಕರೆಯುವವರು ಯಾರು? ಬೋಧಕರ ಕೂಟವೊಂದರಲ್ಲಿ ಅವರು ಈ ಪ್ರಶ್ನೆಯನ್ನು ಎತ್ತಲು ಹಿರಿಯರೊಬ್ಬರು ಗದರಿಸಿ ಕೂರಿಸಿದರೆಂದು ಹೇಳಿಕೆಯುಂಟು. ೧೭೮೯ರಲ್ಲಿ ಲೆಸ್ಟರಿನ ಸಭೆಗೆ ಹೋದ ಮೇಲೆಯೂ ಅವರು ಪ್ರಶ್ನೆಯನ್ನು ಬಿಡಲಿಲ್ಲ. ೧೭೯೨ರಲ್ಲಿ ೮೭ ಪುಟಗಳ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ದೇಶದೇಶಗಳ ಪಟ್ಟಿ ಮಾಡಿ, ಲೋಕದ ಜನರನ್ನು ೭೩ ಕೋಟಿ ೧೦ ಲಕ್ಷವೆಂದು ಲೆಕ್ಕ ಹಾಕಿ, ಅವರಲ್ಲಿ ಬಹು ಪಾಲು ಜನರಿಗೆ ಸುವಾರ್ತೆ ಮುಟ್ಟಿಲ್ಲವೆಂದು ತೋರಿಸಿದರು. ಬಡವರೂ ವಾರಕ್ಕೆ ಒಂದು ಪೆನಿಯಂತೆ ಕೂಡಿಸಿದರೆ ಕೆಲಸವನ್ನು ತೊಡಗಬಹುದೆಂದೂ ಬರೆದರು.

ಅದೇ ವರುಷದ ಮೇ ತಿಂಗಳ ಕೊನೆಯಲ್ಲಿ ಸಂಘವು ಪುನಃ ನಾಟಿಂಗ್‌ಹ್ಯಾಮಿನಲ್ಲಿ ಕೂಡಿತು. ಕ್ಯಾರಿಯವರು ಯೆಶಾಯನ ಪ್ರವಾದನೆಯ ೫೪ನೆಯ ಅಧ್ಯಾಯದ ೨, ೩ನೆಯ ವಚನಗಳ ಮೇಲೆ ಪ್ರಸಂಗ ಮಾಡಿ, ಗುಡಾರವನ್ನು ಹಿಗ್ಗಿಸಿ ಹಗ್ಗಗಳನ್ನು ಉದ್ದಮಾಡಬೇಕೆಂಬ ಪ್ರವಾದಿಯ ಮಾತನ್ನು ವಿವರಿಸಿದರು. ದೇವರಿಂದ ದೊಡ್ಡದನ್ನು ನಿರೀಕ್ಷಿಸುವವನು ದೇವರಿಗಾಗಿ ದೊಡ್ಡದಕ್ಕೆ ಕೈಹಾಕಬೇಕೆಂಬುದು ಅವರ ಉಪದೇಶದ ಸಾರ. ಕೇಳಿದವರ ಮನಸ್ಸು ಕರಗಿತು. ಆದರೂ ಮರುದಿನ ವಾಡಿಕೆಯಂತೆ ಎಲ್ಲರೂ ಚದುರಿ ಊರಿಗೆ ಹೊರಡುವುದರಲ್ಲಿದ್ದರು. ಆಗ ಕ್ಯಾರಿಯವರು ಫುಲ್ಲರರ ತೋಳನ್ನು ಹಿಡಿದು, ಈ ಸಾರಿಯೂ ಏನೂ ಮಾಡದೆ ಹೋಗುವಿರಾ ಎಂದು ಅಂಗಲಾಚಿದರು. ಮುಂದಿನ ಕೂಟಕ್ಕೆ ಮಿಶನ್ ಸಂಘದ ಕ್ರಮವೊಂದನ್ನು ಸಿದ್ಧಪಡಿಸಬೇಕೆಂದು ಆ ಹೊತ್ತಿಗೆ ನಿರ್ಣಯವಾಯಿತು. ಒಬ್ಬನ ತೋಳು ಹಿಡಿದದ್ದರಿಂದ ಎಷ್ಟು ದೊಡ್ಡ ಕಾರ್ಯವಾಯಿತೆಂದು ವಾಚಕರು ಯೋಚಿಸಲಿ.

೧೭೯೨ನೆಯ ಇಸವಿ ಅಕ್ಟೋಬರ್ ೨ರಂದು ಕೆಟರಿಂಗಿನಲ್ಲಿ ವಾಲಿಸ್ ಎಂಬ ವಿಧವೆಯ ಮನೆಯ ಹಿಂದಣ ಕೋಣೆಯಲ್ಲಿ ಹದಿನಾಲ್ಕು ಮಂದಿ ಕೂಡಿದರು. ಮಿಶನ್ ಸಂಘ ಸ್ಥಾಪನೆಯಾಯಿತು. ಫುಲ್ಲರರು ಕಾರ್ಯದರ್ಶಿಗಳಾದರು. ಪ್ರತಿಯೊಬ್ಬನೂ ತಾನು ಕೊಡುವ ಮೊತ್ತವನ್ನು ಚೀಟಿಯಲ್ಲಿ ಬರೆದು ಫುಲ್ಲರರ ನಶ್ಯದ ಡಬ್ಬಿಯಲ್ಲಿ ಹಾಕಿದನು. ಎಲ್ಲವೂ ಕೂಡಿ ೧೩ ಪೌಂಡು, ೨ ಷಿಲಿಂಗು, ೬ ಪೆನ್ನಿ. ಕ್ಯಾರಿಯವರ ಬಳಿ ಹಣವಿರಲಿಲ್ಲ. ತಮ್ಮ ಪುಸ್ತಕದ ಮಾರಾಟದಿಂದ ಬರುವುದನ್ನು ಕೊಟ್ಟರು. ಲಂಡನ್ ಪಟ್ಟಣದ ದೊಡ್ಡ ಸಭೆಗಳು ಬಹುಮಟ್ಟಿಗೆ ದೂರ ನಿಂತವು. ಬರ್ಮಿಂಗ್‌ಹ್ಯಾಮಿನ ಯೌವನಸ್ಥ ಸಭಾಪಾಲಕರಾದ ಸಾಮ್ಯುವೇಲ್ ಪಿಯರ್ಸರು ಮಾತ್ರ ತಮ್ಮ ಸಭೆಗೆ ಹೋಗಿ ಸ್ವಲ್ಪ ಕಾಲದಲ್ಲಿಯೇ ೭೦ ಪೌಂಡು ಕೂಡಿಸಿ ತಂದರು.

ಕಳುಹಿಸತಕ್ಕವರನ್ನು ಹುಡುಕಲಾಗಿ ಬಂಗಾಳದಲ್ಲಿ ಇದ್ದು ಬಂದಿದ್ದ ಜಾನ್ ಥಾಮಸ್ ಎಂಬ ವೈದ್ಯರು ಮುಂದೆ ಬಂದರು. ಕ್ಯಾರಿಯವರು ತಾವೂ ಹೋಗುವೆವೆಂದರು. ಫುಲ್ಲರರು ಆ ದಿನಗಳನ್ನು ನೆನೆಸಿಕೊಂಡು ಒಂದು ಸಾಮ್ಯವನ್ನು ಹೇಳುತ್ತಿದ್ದರು. ಹಿಂದೂದೇಶವು ಯಾರೂ ಇಳಿಯದ ಆಳವಾದ ಗಣಿಯ ಹಾಗಿತ್ತು. ಇಳಿಯುವವರು ಯಾರೆಂದು ಯೋಚಿಸುತ್ತಿರುವಾಗ ಕ್ಯಾರಿಯವರು, ತಾನು ಇಳಿಯುವೆನು, ಮೇಲಿರುವವರು ಹಗ್ಗವನ್ನು ಹಿಡಿದಿರಬೇಕು ಎಂದ ಹಾಗಾಯಿತು. ಬದುಕಿರುವ ತನಕ ಬಿಡುವುದಿಲ್ಲವೆಂದು ಇವರು ಮಾತುಕೊಟ್ಟರು. ಬಂಡೆಯ ನಾಡಾದ ನಮ್ಮ ರಾಮನಗರದ ಕಡೆಯಲ್ಲಿ ಬಾವಿ ತೋಡಿದವರಿಗೆ ಈ ಸಾಮ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿಳಿದವನ ಪ್ರಾಣವು ಮೇಲೆ ನಿಂತವನ ಕೈಯಲ್ಲಿರುತ್ತದೆ. ಲೆಸ್ಟರಿನ ಸಭೆಯವರು ತಮ್ಮ ಪ್ರಿಯ ಪಾಲಕನನ್ನು ಬಿಟ್ಟುಕೊಡಲು ಬಹಳ ಅತ್ತರು. ಆದರೂ ತಿಂಗಳು ತಿಂಗಳು ತಾವೇ ಬೇಡಿಕೊಂಡದ್ದಕ್ಕೆ ದೇವರು ತಮ್ಮಿಂದಲೇ ಬೆಲೆ ಕೇಳುತ್ತಿದ್ದಾನೆಂದು ತಿಳಿದು ಒಪ್ಪಿಕೊಂಡರು.

ಒಪ್ಪಿಕೊಳ್ಳದವಳು ಒಬ್ಬಳಿದ್ದಳು, ಆಕೆಯ ವಿಷಯವನ್ನು ಮುಚ್ಚಿಡುವುದು ನಮಗೆ ಸರಿಕಾಣುವುದಿಲ್ಲ. ಕ್ಯಾರಿಯವರ ಹೆಂಡತಿಯಾದ ಡಾರೊತಿಯಮ್ಮನು ೧೭೮೧ರಲ್ಲಿ ಮದುವೆಯಾದಾಗ ತನ್ನ ಹೆಸರನ್ನು ಬರೆಯಲು ಸಹ ಅರಿಯದವಳಾಗಿದ್ದಳು. ಕೈಯಲ್ಲಿ ಮಕ್ಕಳು, ಹೊಟ್ಟೆಯಲ್ಲಿ ಇನ್ನೊಂದು. ಕಾಣದ ದೇಶಕ್ಕೆ ಬರಲಾರೆನೆಂದಳು. ಕ್ಯಾರಿಯವರು ಹಿರಿಯ ಮಗನನ್ನು ಕರೆದುಕೊಂಡು ಹೊರಟೂಬಿಟ್ಟರು. ಮೊದಲಿನ ಹಡಗಿನವರು ಅವರನ್ನು ಇಳಿಸಿದ ಕಾರಣ ತಿರುಗಿ ಮನೆಗೆ ಬರಬೇಕಾಯಿತು. ಅಷ್ಟರಲ್ಲಿ ಮಗು ಹುಟ್ಟಿತ್ತು. ತಂಗಿಯು ಜೊತೆಗೆ ಬರುವುದಾದರೆ ಬರುವೆನೆಂದು ಆಕೆ ಹಸಿಬಾಣಂತಿಯಾಗಿ ಹಡಗು ಹತ್ತಿದಳು. ೧೭೯೩ನೆಯ ಇಸವಿ ಜೂನ್ ೧೩ರಂದು ದಿನೇಮಾರರ ಹಡಗಿನಲ್ಲಿ ಹೊರಟು ನವೆಂಬರಿನಲ್ಲಿ ಕಲ್ಕತ್ತೆಯನ್ನು ಮುಟ್ಟಿದರು.

ಕುಂಪಣಿ ಸರಕಾರವು ಮಿಶನರಿಗಳನ್ನು ಬೇಡವೆನ್ನುತ್ತಿದ್ದ ಕಾಲವದು. ತಂದ ಹಣ ಬೇಗನೆ ಕರಗಿತು. ೧೭೯೪ರಲ್ಲಿ ಮದ್ನಾಬಾಟಿ ಎಂಬಲ್ಲಿ ನೀಲಿಯ ಕಾರ್ಖಾನೆಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿ ಕುಟುಂಬವು ಉಳಿಯಿತು. ಆ ವರುಷವೇ ಐದು ವರುಷದ ಪೀಟರ್ ಎಂಬ ಮಗನು ರಕ್ತಭೇದಿಯಿಂದ ಸತ್ತನು. ಡಾರೊತಿಯಮ್ಮನ ಬುದ್ಧಿ ಕೆಟ್ಟಿತು. ಅದು ಗುಣವಾಗಲೇ ಇಲ್ಲ. ೧೮೦೭ರಲ್ಲಿ ಸಾಯುವ ತನಕ ಹನ್ನೆರಡು ವರುಷ ಆಕೆ ಹಾಗೆಯೇ ನರಳಿದಳು. ಪಕ್ಕದ ಕೋಣೆಯಲ್ಲಿ ಆಕೆಯ ಗಂಡನು ಸತ್ಯವೇದವನ್ನು ಭಾಷಾಂತರಿಸುತ್ತಿದ್ದನು. ಕೆಟರಿಂಗಿನ ಕೋಣೆಯಲ್ಲಿ ಚೀಟಿ ಹಾಕಿದವರಾರೂ ಆಕೆಯ ಮನಸ್ಸನ್ನು ಕೇಳಿರಲಿಲ್ಲ. ಕ್ಯಾರಿಯವರ ಕೆಲಸಕ್ಕೆ ನಾವು ಕೃತಜ್ಞರಾಗಿರುವಾಗ, ಅದರ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವಳು ಈ ತಾಯಿ ಎಂಬುದನ್ನು ಮರೆಯಬಾರದು. ಸಭೆಯು ಒಬ್ಬನನ್ನು ಕಳುಹಿಸುವಾಗ ಅವನ ಮನೆಯನ್ನೂ ಕಳುಹಿಸುತ್ತದೆ. ಹಗ್ಗವನ್ನು ಹಿಡಿಯುವವರು ಆ ಮನೆಯ ಭಾರವನ್ನೂ ತೂಗಿ ನೋಡತಕ್ಕದ್ದು.

ಬಂದಿಳಿದ ಮೇಲೆ ಒಂದೂವರೆ ವರುಷದ ಹತ್ತಿರ ಇಂಗ್ಲೆಂಡಿನಿಂದ ಒಂದು ಪತ್ರವೂ ಕೈಸೇರಲಿಲ್ಲ. ಸಮುದ್ರದ ಅಂಚೆಯು ಅಷ್ಟು ನಿಧಾನ. ಏಳು ವರುಷದ ತನಕ ಈ ದೇಶದವರಲ್ಲಿ ಒಬ್ಬನೂ ಸ್ನಾನ ಹೊಂದಲಿಲ್ಲ. ಆದರೂ ಸಂಘದ ಸಭೆಗಳಲ್ಲಿ ಸೋಮವಾರದ ಪ್ರಾರ್ಥನೆ ನಿಲ್ಲಲಿಲ್ಲ. ಫುಲ್ಲರರು ಊರೂರು ತಿರುಗಿ, ಬಾಗಿಲು ಬಾಗಿಲಿಗೆ ಹೋಗಿ ಕಾಣಿಕೆ ಕೂಡಿಸುತ್ತಿದ್ದರು. ೧೭೯೯ರಲ್ಲಿ ಸಂಘದವರು ಜೋಶುವ ಮಾರ್ಷ್‌ಮನ್ ಎಂಬ ಉಪಾಧ್ಯಾಯರನ್ನೂ ವಿಲಿಯಂ ವಾರ್ಡ್ ಎಂಬ ಮುದ್ರಕರನ್ನೂ ಕಳುಹಿಸಿದರು. ಕುಂಪಣಿಯ ಸೀಮೆಯಲ್ಲಿ ಇರಗೊಡದ ಕಾರಣ, ದಿನೇಮಾರರ ಕೈಯಲ್ಲಿದ್ದ ಶ್ರೀರಾಮಪುರದಲ್ಲಿ ಎಲ್ಲರೂ ನೆಲಸಿದರು; ಕ್ಯಾರಿಯವರು ೧೮೦೦ನೆಯ ಇಸವಿ ಜನವರಿಯಲ್ಲಿ ಅಲ್ಲಿಗೆ ಬಂದರು. ಆ ವರುಷದ ಡಿಸೆಂಬರ್ ೨೮ರಂದು ಕೃಷ್ಣಪಾಲ್ ಎಂಬ ಬಡಗಿಯು ಗಂಗಾನದಿಯಲ್ಲಿ ಸ್ನಾನ ಹೊಂದಿದನು. ಕೃಷ್ಣಪ್ರಸಾದನೆಂಬ ಬ್ರಾಹ್ಮಣನು ಆ ಮೇಲೆ ಸಭೆಗೆ ಸೇರಿದನು. ೧೮೦೩ರಲ್ಲಿ ಅವನಿಗೂ ಈ ಬಡಗಿಯ ಮಗಳಿಗೂ ಮದುವೆಯಾಯಿತು. ಜಾತಿಯ ಗೋಡೆಯನ್ನು ಮಾತಿನಿಂದ ಬೈಯುವುದು ಸುಲಭ, ಮದುವೆಯ ಚಪ್ಪರದಲ್ಲಿ ಕೆಡಹುವುದು ಕಷ್ಟ. ಅದನ್ನು ಅವರು ಅಷ್ಟು ಮೊದಲೇ ಮಾಡಿದರೆಂಬುದು ನಮ್ಮ ಸಭೆಗಳಿಗೆ ಈಗಲೂ ಒಂದು ಪಾಠ.

ಬಂಗಾಳಿ ಹೊಸ ಒಡಂಬಡಿಕೆಯು ೧೮೦೧ರಲ್ಲಿ ಅಚ್ಚಾಯಿತು. ಅದೇ ವರುಷ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕ್ಯಾರಿಯವರಿಗೆ ಬಂಗಾಳಿ ಕಲಿಸುವ ಕೆಲಸ ದೊರಕಿತು. ಸಂಸ್ಕೃತವನ್ನೂ ಮರಾಠಿಯನ್ನೂ ಸಹ ಅವರು ಅಲ್ಲಿ ಕಲಿಸಿದರು. ತಿಂಗಳಿಗೆ ೫೦೦ ರೂಪಾಯಿ, ಮುಂದೆ ೧,೦೦೦ ರೂಪಾಯಿ ಸಂಬಳ. ಶ್ರೀರಾಮಪುರದ ಸಹೋದರರು ಒಂದೇ ಪಂಕ್ತಿಯಲ್ಲಿ ಉಂಡು, ಯಾವುದನ್ನೂ ತನ್ನದೆನ್ನದೆ, ಸಂಪಾದನೆಯನ್ನೆಲ್ಲಾ ಒಂದೇ ಗಂಟಿನಲ್ಲಿ ಇಡುತ್ತಿದ್ದುದರಿಂದ ಆ ಸಂಬಳವು ಅಚ್ಚುಕೂಟಕ್ಕೂ ಶಾಲೆಗಳಿಗೂ ಹೋಯಿತು. ನಾನಾ ಭಾಷೆಗಳ ಪಂಡಿತರು ಅಲ್ಲಿ ಕುಳಿತು ಭಾಷಾಂತರಕ್ಕೆ ನೆರವಾದರು. ಪಂಚಾನನ ಕರ್ಮಕಾರನೂ ಅವನ ಅಳಿಯ ಮನೋಹರನೂ ಅಕ್ಷರದ ಅಚ್ಚುಗಳನ್ನು ಕೆತ್ತಿದರು. ಈ ದೇಶದ ಪಂಡಿತರ ಮತ್ತು ಕಮ್ಮಾರರ ಕೈಯಿಲ್ಲದೆ ಅಲ್ಲಿ ಒಂದು ಪುಟವೂ ಹೊರಡುತ್ತಿರಲಿಲ್ಲ.

ಈಗ ನಮ್ಮ ಕನ್ನಡದ ಮಾತಿಗೆ ಬರುತ್ತೇವೆ. ಕ್ಯಾರಿಯವರು ಕನ್ನಡ ನಾಡಿನಲ್ಲಿ ನೆಲಸಿದವರಲ್ಲ. ಆದರೂ ಬಂಗಾಳದಲ್ಲಿ ಕುಳಿತೇ ನಮ್ಮ ಭಾಷೆಯನ್ನು ಕಲಿತು ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ೧೮೧೨ನೆಯ ಇಸವಿ ಮಾರ್ಚ್ ೧೧ರ ಸಾಯಂಕಾಲ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕ್ಯಾರಿಯವರು ಆಗ ಕಲ್ಕತ್ತೆಯಲ್ಲಿದ್ದರು. ರಾಶಿ ರಾಶಿ ಕಾಗದ, ಅನೇಕ ಭಾಷೆಗಳ ಅಚ್ಚಿನ ಮೊಳೆಗಳು, ವರುಷಗಟ್ಟಲೆ ಬರೆದಿಟ್ಟ ಕೈಬರಹಗಳು ಬೂದಿಯಾದವು. ಬೂದಿಯಾದವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಕೈಬರಹವೂ ಒಂದು. ಅಕ್ಷರ ಎರಕಕ್ಕೆ ಬೇಕಾದ ಮೂಲ ಅಚ್ಚುಗಳೂ ಮುದ್ರಣದ ಯಂತ್ರಗಳೂ ಮಾತ್ರ ಉಳಿದವು. ಮರುದಿನ ಬಂದು ಆ ಬೂದಿಯನ್ನು ನೋಡಿದ ಕ್ಯಾರಿಯವರ ಕಣ್ಣಲ್ಲಿ ನೀರು ಬಂದಿತು. ಆಗ ಅವರಿಗೆ ಐವತ್ತು ವರುಷ.

ಹಗ್ಗವು ಎಷ್ಟು ಗಟ್ಟಿಯೆಂದು ಪರೀಕ್ಷೆಯಾದದ್ದು ಆಗಲೇ. ಕರಗಿದ ಸೀಸವನ್ನು ಬೂದಿಯಿಂದ ಬಗೆದು ತೆಗೆದು ವಾರ್ಡರು ಪುನಃ ಅಕ್ಷರ ಎರೆಯಿಸಿದರು. ಆ ವರುಷದ ಸೆಪ್ಟೆಂಬರಿನಲ್ಲಿ ಸುದ್ದಿಯು ಇಂಗ್ಲೆಂಡನ್ನು ಮುಟ್ಟಲು ಫುಲ್ಲರರು ಸಭೆಗಳಿಗೆ ಬರೆದರು. ಇಪ್ಪತ್ತು ವರುಷದ ಹಿಂದೆ ಒಂದು ನಶ್ಯದ ಡಬ್ಬಿಯಲ್ಲಿ ೧೩ ಪೌಂಡಿನ ಚೀಟಿಗಳು ಬಿದ್ದಿದ್ದವಷ್ಟೆ. ಈಗ ಎರಡು ತಿಂಗಳೊಳಗೆ ಸುಮಾರು ೧೦,೦೦೦ ಪೌಂಡು ಕೂಡಿತು. ಬಾಪ್ಟಿಸ್ಟರಲ್ಲದವರೂ ಕೊಟ್ಟರು. ಇನ್ನು ಸಾಕೆಂದು ಫುಲ್ಲರರೇ ತಿಳಿಸಬೇಕಾಯಿತು. ಕ್ಯಾರಿಯವರು ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಾರಿ ನಡೆಯುವುದು ಸುಲಭವೆಂದು ಹೇಳಿ ಮತ್ತೆ ಮೊದಲಿಂದ ಕುಳಿತರು. ೧೮೧೭ರಲ್ಲಿ ಅವರ ಕರ್ನಾಟ ಭಾಷೆಯ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾಯಿತು. ನಮ್ಮ ಭಾಷೆಗೆ ೧೩ನೆಯ ಶತಮಾನದಲ್ಲಿಯೇ ಕೇಶಿರಾಜನ ಶಬ್ದಮಣಿದರ್ಪಣವಿತ್ತು, ಅದು ಓಲೆಗರಿಗಳಲ್ಲಿತ್ತು. ಅಚ್ಚಾದ ಕನ್ನಡ ವ್ಯಾಕರಣಗಳಲ್ಲಿ ಕ್ಯಾರಿಯವರದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಸುಟ್ಟುಹೋದ ಕನ್ನಡ ಹೊಸ ಒಡಂಬಡಿಕೆಯೂ ಪುನಃ ಸಿದ್ಧವಾಗಿ ೧೮೨೦ರ ನಂತರದ ಮೊದಲ ವರುಷಗಳಲ್ಲಿ ಅಲ್ಲಿಯೇ ಅಚ್ಚಾಯಿತು.

ಆ ಭಾಷಾಂತರದಲ್ಲಿ ಕೊರತೆಗಳಿದ್ದವು. ಕನ್ನಡಿಗರ ನಡುವೆ ಬಾಳದೆ ಕನ್ನಡ ಬರೆದರೆ ಮಾತಿನ ಜೀವ ತಪ್ಪುವುದು ಸಹಜ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ಅಲ್ಲಿನ ಜನರ ಮಧ್ಯದಲ್ಲಿದ್ದು ಬೇರೆಯಾಗಿ ಭಾಷಾಂತರ ಮಾಡಿದರು. ೧೮೩೦ರ ನಂತರದ ಮೊದಲ ವರುಷಗಳ ಹೊತ್ತಿಗೆ ಸಮಗ್ರ ಸತ್ಯವೇದವು ಕನ್ನಡದಲ್ಲಿ ದೊರಕಿತು. ಮುಂದಿನವರು ಅದನ್ನೇ ತಿದ್ದಿ ಬೆಳೆಸಿದರು. ಆದರೂ ಕನ್ನಡವು ಕಲಿಯತಕ್ಕ, ಅಚ್ಚು ಹಾಕತಕ್ಕ ಭಾಷೆಯೆಂದು ಹೊರದೇಶದವರಿಗೆ ಮೊದಲು ತೋರಿಸಿಕೊಟ್ಟವರಲ್ಲಿ ಈ ಜೋಡುಗಾರರು ಒಬ್ಬರು.

ಉಳಿದದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ೧೮೧೮ರಲ್ಲಿ ಶ್ರೀರಾಮಪುರದ ಕಾಲೇಜು ಸ್ಥಾಪಿತವಾಯಿತು. ಮಂಗಳೂರಿನ ವೇದಶಾಸ್ತ್ರ ಕಾಲೇಜಿನಲ್ಲಿ ಓದಿದ ನಮ್ಮ ಸಭಾಪಾಲಕರ ಪದವಿಪತ್ರಗಳ ಮೇಲೆ ಈ ಹೊತ್ತಿಗೂ ಶ್ರ‍ೀರಾಮಪುರದ ಹೆಸರಿರುವುದು ಅದರಿಂದಲೇ. ೧೮೨೦ರಲ್ಲಿ ಕ್ಯಾರಿಯವರು ವ್ಯವಸಾಯ ಮತ್ತು ತೋಟಗಾರಿಕೆಯ ಸಂಘವನ್ನು ಏರ್ಪಡಿಸಿದರು. ರಾಜಾ ರಾಮಮೋಹನ ರಾಯರು ಮೊದಲಾದ ಈ ದೇಶದವರ ಹೋರಾಟದಿಂದ ೧೮೨೯ನೆಯ ಇಸವಿ ಡಿಸೆಂಬರ್ ೪ರಂದು ಸತಿಯ ಪದ್ಧತಿಯು ನಿಷೇಧಿಸಲ್ಪಟ್ಟಿತು. ಆ ಕಾಯಿದೆಯನ್ನು ಬಂಗಾಳಿಗೆ ತಿರುಗಿಸುವ ಅಪ್ಪಣೆಯು ಭಾನುವಾರ ಕೈಸೇರಲು, ಕ್ಯಾರಿಯವರು ಪ್ರಸಂಗವನ್ನು ಬೇರೊಬ್ಬರಿಗೆ ವಹಿಸಿ ಸಾಯಂಕಾಲದೊಳಗೆ ಮುಗಿಸಿದರು. ಒಂದು ದಿನ ತಡವಾದರೆ ಎಷ್ಟು ಹೆಂಗಸರು ಚಿತೆಗೆ ಹೋಗುವರೋ ಎಂಬ ಭಯ ಅವರಿಗಿತ್ತು.

ಹಗ್ಗವು ಸಡಿಲವಾದದ್ದನ್ನೂ ಹೇಳಲೇಬೇಕು. ಸಟ್‌ಕ್ಲಿಫರು ೧೮೧೪ರಲ್ಲಿ, ಫುಲ್ಲರರು ೧೮೧೫ರಲ್ಲಿ, ರೈಲೆಂಡರು ೧೮೨೫ರಲ್ಲಿ ತೀರಿಕೊಂಡರು. ಮಿಶನ್ ಸಂಘದ ಕಚೇರಿಯು ಲಂಡನಿಗೆ ಹೋಯಿತು. ಹೊಸ ಕಮಿಟಿಯವರು ಕ್ಯಾರಿಯವರ ಮುಖ ಕಂಡವರಲ್ಲ. ಶ್ರೀರಾಮಪುರದ ಆಸ್ತಿ ಯಾರದು, ಅಧಿಕಾರ ಯಾರದು ಎಂಬ ವಿವಾದ ಹುಟ್ಟಿತು. ಸಂಬಳವನ್ನೆಲ್ಲಾ ಸುರಿದು ಬರಿಗೈಯಲ್ಲಿದ್ದವರನ್ನು ಹಣ ಕೂಡಿಟ್ಟವರೆಂದು ಸಂಶಯಪಟ್ಟರು. ೧೮೨೭ರಲ್ಲಿ ಎರಡು ಕಡೆಯವರೂ ಬೇರೆಯಾದರು; ಪುನಃ ಒಂದಾದದ್ದು ೧೮೩೭ರಲ್ಲಿ. ಕ್ಯಾರಿಯವರು ಅದನ್ನು ನೋಡಲು ಇರಲಿಲ್ಲ. ಅವರು ೧೮೩೪ನೆಯ ಇಸವಿ ಜೂನ್ ೯ರಂದು ತಮ್ಮ ೭೨ನೆಯ ವಯಸ್ಸಿನಲ್ಲಿ ಶ್ರೀರಾಮಪುರದಲ್ಲಿ ನಿದ್ರೆಹೋದರು. ನಾಲ್ವತ್ತು ವರುಷಗಳಲ್ಲಿ ಒಮ್ಮೆಯೂ ಸ್ವದೇಶಕ್ಕೆ ತಿರುಗಿ ಹೋಗಿರಲಿಲ್ಲ. ಆ ವರುಷದ ಅಕ್ಟೋಬರಿನಲ್ಲಿಯೇ ಬಾಸೆಲ್ ಮಿಶನಿನ ಮೊದಲನೆಯ ಮೂವರು ಮಂಗಳೂರಿನಲ್ಲಿ ಇಳಿದರು.

ಈ ಚರಿತ್ರೆಯಿಂದ ನಾವು ತಿಳಿದುಕೊಳ್ಳತಕ್ಕದ್ದೇನು? ಆ ಸಭೆಗಳು ಒಟ್ಟುಗೂಡಿದಾಗ ಅವುಗಳ ಬಡತನವು ಅಡ್ಡಿಯಾಗಲಿಲ್ಲ. ಪ್ರೀತಿಯಿಂದ ಪರಿಚಯವಿದ್ದವರು ಹಗ್ಗ ಹಿಡಿದಿರುವ ತನಕ ಬೆಂಕಿಯೂ ಕೆಲಸವನ್ನು ನಿಲ್ಲಿಸಲಾರದೆ ಹೋಯಿತು. ಪರಿಚಯ ತಪ್ಪಿ ಲೆಕ್ಕಪತ್ರ ಮಾತ್ರ ಉಳಿದಾಗ ಹತ್ತು ವರುಷದ ಒಡಕು ಬಂದಿತು. ಆದುದರಿಂದ ನಮ್ಮ ಸಭೆಗಳು ಕಾಣಿಕೆಯ ಜೊತೆಗೆ ಪತ್ರವನ್ನೂ ಕಳುಹಿಸಲಿ. ಕೂಟಕ್ಕೆ ಹೋದ ಪ್ರತಿನಿಧಿಯು ಹಿಂದಿರುಗಿ ಬಂದು, ನೆರೆಯ ಸಭೆಯಲ್ಲಿ ಯಾರು ಕಾಯಿಲೆಯಲ್ಲಿದ್ದಾರೆ, ಯಾರ ಮನೆಯಲ್ಲಿ ಕೂಸು ಹುಟ್ಟಿದೆ ಎಂದು ತನ್ನ ಸಭೆಗೆ ಹೇಳಲಿ. ದೂರದ ಊರಿನಲ್ಲಿ ದುಡಿಯುವ ಉಪದೇಶಿಯ ಹೆಂಡತಿ ಮಕ್ಕಳ ಕ್ಷೇಮವನ್ನು ಯಾರಾದರೂ ಕೇಳಿ ತಿಳಿಯಲಿ. ತಿಂಗಳಿಗೆ ಒಂದು ಗಂಟೆಯ ಪ್ರಾರ್ಥನೆಗೆ ಹಣ ಬೇಕಾಗಿಲ್ಲ. ಕಾರ್ಖಾನೆಯಲ್ಲಿ ಪಾಳಿಯ ಕೆಲಸವಿರುವವರು ತಮಗೆ ಬಿಡುವಾದ ಹೊತ್ತನ್ನು ಆರಿಸಿಕೊಳ್ಳಬಹುದು. ಕೆಟರಿಂಗ್ ಎಂಬ ಹೆಸರನ್ನು ಕೇಳಿಯೂ ಇರದ ನಮ್ಮ ಹಿರಿಯರಿಗೆ ಕನ್ನಡದಲ್ಲಿ ದೇವರ ವಾಕ್ಯವು ದೊರಕಬೇಕೆಂದು ಅಲ್ಲಿನ ಬಡವರು ಪೆನಿ ಕೂಡಿಸಿದರು. ನಾವು ಹಿಡಿಯುವ ಹಗ್ಗದ ತುದಿಯಲ್ಲಿ ಯಾವ ಊರಿನವರು ಇರುವರೆಂದು ನಮಗೆ ತಿಳಿಯದಿದ್ದರೂ ಹಿಡಿಯುವ ಕೆಲಸವು ನಮ್ಮದಾಗಿದೆ.